ಉತ್ತರ: ಕಾರ್ಖಾನೆಯ ಬಲ, ದೌರ್ಬಲ್ಯ ಅಳೆಯುವುದು ಹೇಗೆ?

ನಿಮ್ಮ ಕಾರ್ಖಾನೆಯ ಬಲ, ದೌರ್ಬಲ್ಯ ಅಂತ ನೀವು ಹಾಕಿದ ಪಟ್ಟಿ ನೋಡಿದೆ. ಬಲ: ಒಳ್ಳೆಯ ಗುಣಮಟ್ಟ, ಅನುಭವಿ ಕೆಲಸಗಾರರು, ಹೊಸ ಯಂತ್ರಗಳು. ದೌರ್ಬಲ್ಯ: ಪೈಪೋಟಿ, ಕಚ್ಚಾಮಾಲಿನ ಬೆಲೆ ಏರಿಕೆ. ಈ ಕೊನೆಯ ಎರಡನ್ನು ಮೊದಲು ಹೊಡೆದುಹಾಕಿ. ಅವು ಗೇಟಿನ ಆಚೆಯವು, ಒಳಗಿನ ಲೆಕ್ಕಕ್ಕೆ ಸೇರುವುದಿಲ್ಲ. ಉಳಿದ ಮೂರರ ಪಕ್ಕದಲ್ಲಿ ಒಂದಾದರೂ ಅಂಕಿ ಇಲ್ಲ. ಹಾಗೇ ಬಿಟ್ಟರೆ ಅದು ಜಾಹೀರಾತು, ಮೌಲ್ಯಮಾಪನ ಅಲ್ಲ.

ಶುರು ಮಾಡಬೇಕಾದ್ದು ಮೀಟಿಂಗ್ ರೂಮಿನಲ್ಲಲ್ಲ. ಯಾವ ಯಂತ್ರದ ಮುಂದೆ ಮಾಲು ಸದಾ ರಾಶಿ ಬಿದ್ದಿರುತ್ತದೋ ಅಲ್ಲಿ. ಇಡೀ ಕಾರ್ಖಾನೆಯ ಉತ್ಪಾದನೆಗೆ ಮಿತಿ ಹಾಕುವುದು ಅದೇ, ಹಾಗಾಗಿ ಅದರ ಓಇಇ (ಯಂತ್ರದ ಒಟ್ಟು ಪರಿಣಾಮಕಾರಿತ್ವ: ಲಭ್ಯತೆ × ವೇಗ × ಗುಣಮಟ್ಟ) ತೆಗೆಯಿರಿ. ಉದಾಹರಣೆಗೆ 480 ನಿಮಿಷದ ಶಿಫ್ಟ್‌ನಲ್ಲಿ ವಿರಾಮ 30 ಕಳೆದರೆ ಯೋಜಿತ ಸಮಯ 450. ಬ್ರೇಕ್‌ಡೌನ್, ಸೆಟಪ್‌ಗೆ (ಮುಂದಿನ ಜಾಬ್‌ಗೆ ಯಂತ್ರ ಸಜ್ಜು ಮಾಡುವುದಕ್ಕೆ) 90 ಹೋದರೆ ಓಡಿದ್ದು 360, ಅಂದರೆ ಲಭ್ಯತೆ ಶೇ. 80. ಒಂದು ಪೀಸ್‌ಗೆ ಆದರ್ಶ ಸಮಯ 1 ನಿಮಿಷವಿದ್ದು 300 ಪೀಸ್ ಬಂದರೆ ವೇಗ ಶೇ. 83.3. ಅದರಲ್ಲಿ ಸರಿಯಾದವು 285, ಅಂದರೆ ಗುಣಮಟ್ಟ ಶೇ. 95. ಮೂರನ್ನೂ ಗುಣಿಸಿದರೆ ಶೇ. 63.3. ಇಲ್ಲಿ ಆದರ್ಶ ಸಮಯ 1 ನಿಮಿಷವಾದ್ದರಿಂದ ತಾಳೆ ನೋಡಲು 285ನ್ನು ನೇರವಾಗಿ 450ರಿಂದ ಭಾಗಿಸಿ, ಅದೇ ಉತ್ತರ ಬರಬೇಕು.

ಎಡವುವುದು ಮೂರು ಕಡೆ. ಆದರ್ಶ ಸಮಯದ ಬದಲು ಕಳೆದ ವರ್ಷದ ಸರಾಸರಿ ಹಾಕುತ್ತಾರೆ, ಆಗ ವೇಗದ ನಷ್ಟವೇ ಮಾಯ. ರೀವರ್ಕ್ ಮಾಡಿದ (ಕೆಟ್ಟ ಮೇಲೆ ತಿದ್ದಿ ಸರಿಪಡಿಸಿದ) ಪೀಸನ್ನೂ ಸರಿಯಾದದ್ದಕ್ಕೆ ಸೇರಿಸುತ್ತಾರೆ. ಸೆಟಪ್ ಅಂದರೆ ಹಳೆಯ ಜಾಬ್‌ನ ಕೊನೆಯ ಒಳ್ಳೆಯ ಪೀಸಿನಿಂದ ಹೊಸದರ ಮೊದಲ ಒಳ್ಳೆಯ ಪೀಸಿನ ತನಕ, ಆದರೆ ಬರೆಯುವುದು ಡೈ (ಅಚ್ಚು) ಬದಲಿಸಿದಷ್ಟು ಹೊತ್ತು ಮಾತ್ರ. ಹಾಂ, ಲಾಗ್‌ಬುಕ್‌ನಲ್ಲಿ ನಿಲುಗಡೆಗಳೆಲ್ಲ 15, 30 ಅಂತ ದುಂಡಗೆ ಇದ್ದರೆ ಅದು ಬಹುಶಃ ಶಿಫ್ಟ್ ಕೊನೆಗೆ ಕೂತು ಬರೆದ ಲೆಕ್ಕ. ನಂಬಬೇಡಿ.

'ಗುಣಮಟ್ಟ ಚೆನ್ನಾಗಿದೆ' ಅನ್ನುವುದನ್ನು ಕೊನೆಯ ತಪಾಸಣೆಯಿಂದ ಅಳೆಯಬೇಡಿ. ಐದು ಹಂತದ ಕೆಲಸದಲ್ಲಿ ಪ್ರತಿ ಹಂತದಲ್ಲೂ ಮೊದಲ ಸಲಕ್ಕೇ ಶೇ. 96 ಪಾಸಾದರೂ ಎಲ್ಲೂ ರಿಪೇರಿಯಿಲ್ಲದೆ ಕೊನೆ ಮುಟ್ಟುವುದು ಸುಮಾರು ಶೇ. 81.5 ಮಾತ್ರ. ಗ್ರಾಹಕರಿಂದ ದೂರು ಬರದಿರಬಹುದು, ಆದರೆ ಆ ನೆಮ್ಮದಿಯನ್ನು ನೀವು ರೀವರ್ಕ್ ಕೂಲಿ ಕೊಟ್ಟು ಕೊಳ್ಳುತ್ತಿದ್ದೀರಿ.

ಹೊಸ ಯಂತ್ರ, ಮಾಲು ರಾಶಿ ಬೀಳುವ ಆ ಇಕ್ಕಟ್ಟಿನ ಜಾಗದಲ್ಲಿ ಇಲ್ಲದಿದ್ದರೆ ಅದನ್ನು ದೊಡ್ಡ ಬಲ ಅನ್ನಲಾರೆ. ಇಕ್ಕಟ್ಟಿನ ಹಿಂದಿನ ಹಂತದಲ್ಲಿದ್ದರೆ ಅರ್ಧ ತಯಾರಾದ ಮಾಲಿನ ರಾಶಿ ಬೆಳೆಯುತ್ತದೆ, ಅಷ್ಟೆ. ಕೆಲಸಗಾರರ ವಿಷಯಕ್ಕೆ ಒಂದು ಹಾಳೆ ಸಾಕು: ಅಡ್ಡಕ್ಕೆ ಯಂತ್ರಗಳು, ಉದ್ದಕ್ಕೆ ಹೆಸರುಗಳು, ಪ್ರತಿ ಚೌಕದಲ್ಲಿ 0ರಿಂದ 4ರ ತನಕ ಕೌಶಲದ ಅಂಕ. ಸ್ವತಂತ್ರವಾಗಿ ಸೆಟಪ್ ಮಾಡಬಲ್ಲವರಿಗೆ 3, ಬೇರೆಯವರಿಗೆ ಕಲಿಸಬಲ್ಲವರಿಗೆ 4. ಯಾವ ಯಂತ್ರಕ್ಕೆ 3 ಅಥವಾ 4 ಇರುವವರು ಒಬ್ಬರೇ ಇದ್ದಾರೋ, ಅವರ 20 ವರ್ಷದ ಅನುಭವ ನಿಮ್ಮ ದೌರ್ಬಲ್ಯದ ಪಟ್ಟಿಗೂ ಸೇರುತ್ತದೆ.

ದಾಸ್ತಾನು ಎಷ್ಟು ದಿನದ್ದು ಎಂದು ಲೆಕ್ಕ ಹಾಕುವಾಗ ಅದನ್ನು ಮಾರಾಟದಿಂದ ಭಾಗಿಸಬೇಡಿ, ಮಾರಾಟದಲ್ಲಿ ಲಾಭವೂ ಸೇರಿ ಅಂಕಿ ಚಿಕ್ಕದಾಗಿ ಕಾಣುತ್ತದೆ. ಸರಾಸರಿ ದಾಸ್ತಾನನ್ನು ಮಾರಿದ ಸರಕಿನ ವೆಚ್ಚದಿಂದ ಭಾಗಿಸಿ 365ರಿಂದ ಗುಣಿಸಿ. ಕಚ್ಚಾಮಾಲು, ಅರ್ಧ ತಯಾರಾದದ್ದು, ಸಿದ್ಧ ಸರಕು ಮೂರರ ಮೌಲ್ಯವನ್ನೂ ಬೇರೆ ಬೇರೆ ನೋಡಿ.

ಇಷ್ಟಾದ ಮೇಲೆ ಐಎಫ್‌ಇ (ಒಳಗಿನ ಅಂಶಗಳ ಮೌಲ್ಯಮಾಪನ) ಪಟ್ಟಿ. 10ರಿಂದ 20 ಅಂಶ, ತೂಕಗಳ ಮೊತ್ತ 1.0. ಅಂಕ: ದೊಡ್ಡ ಬಲಕ್ಕೆ 4, ಸಣ್ಣ ಬಲಕ್ಕೆ 3, ಸಣ್ಣ ದೌರ್ಬಲ್ಯಕ್ಕೆ 2, ದೊಡ್ಡದಕ್ಕೆ 1. ತೂಕ × ಅಂಕ ಕೂಡಿಸಿದರೆ ಬರುವುದನ್ನು ಸರಾಸರಿ ಎನ್ನುವ 2.5ರ ಜೊತೆ ಹೋಲಿಸುತ್ತಾರೆ. ತೂಕ ಅಂದರೆ ಆ ಉದ್ಯಮದಲ್ಲಿ ಗೆಲ್ಲಲು ಆ ಅಂಶ ಎಷ್ಟು ಮುಖ್ಯ ಅನ್ನುವುದು, ನೀವು ಅದರಲ್ಲಿ ಎಷ್ಟು ಚೆನ್ನಾಗಿದ್ದೀರಿ ಅನ್ನುವುದಲ್ಲ. ಇವೆರಡನ್ನು ಬೆರೆಸಿದರೆ ಎಲ್ಲರ ಮೊತ್ತವೂ ಸುಮ್ಮನೆ ಮೇಲೇರುತ್ತದೆ! ಮೊತ್ತ 2.9 ಬಂದರೂ 1 ಅಂಕದ ಸಾಲುಗಳನ್ನು ಬೇರೆ ಓದಿ, ಒಬ್ಬನೇ ಡೈ ಪೂರೈಕೆದಾರನನ್ನು ನೆಚ್ಚಿಕೊಂಡಿರುವಂಥ ಅಪಾಯ ಸರಾಸರಿಯಲ್ಲಿ ಅಡಗಿ ಕೂರುತ್ತದೆ.

ಸದ್ಯಕ್ಕೆ ಆ ಒಂದು ಯಂತ್ರದ ಎರಡು ವಾರದ ನಿಲುಗಡೆ ಪಟ್ಟಿಯನ್ನು ಕಾರಣ ಸಮೇತ ಇಲ್ಲಿ ಹಾಕಿ. ತೂಕಗಳನ್ನು ಆಮೇಲೆ ನೋಡೋಣ.