ಹಳೇ ಹೆರಾಲ್ಡ್ ಕಾರಿನ ಮುಂದಿನ ಚಕ್ರ ಅಲ್ಲಾಡ್ತಿದೆ, ಬಾಲ್ ಜಾಯಿಂಟ್ ಬದಲಿಸಿದರೆ ಸಾಕಾ?

ಸಾಕಾಗಲ್ಲ. ಬಾಲ್ ಜಾಯಿಂಟ್ ಅಂದ್ರೆ ಚಕ್ರ ತಿರುಗೋ ಮೇಲಿನ ಕೀಲು ಅಷ್ಟೇ, ಕೆಳಗಿನ ಕೀಲು ಟ್ರನಿಯನ್. "ಕೆಳಗಿನ ಟ್ರನಿಯನ್‌ಗೆ ಪ್ರತಿ ಸರ್ವಿಸ್‌ನಲ್ಲೂ ಗ್ರೀಸ್ ಹೊಡೆಸ್ತೀನಿ, ಅದಕ್ಕೇನೂ ಆಗಿರಲ್ಲ" ಅಂತ ಬರೆದಿದ್ದೀರಲ್ಲ, ಅದನ್ನ ಓದಿದಾಗ ಎದೆ ಧಸಕ್ ಅಂತು. ನಾನೂ ಹಾಗೇ ಹೇಳ್ಕೊಂಡು ಓಡಾಡ್ತಿದ್ದವನು.

ನನ್ನದೂ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್. ಗುಂಡಿಗೆ ಇಳಿದರೆ ಮುಂದೆ ಟಕ್ ಟಕ್ ಸದ್ದು, ಸ್ಟೀರಿಂಗ್ ಬರ್ತಾ ಬರ್ತಾ ಬಿಗಿ. ಜ್ಯಾಕ್ ಹಾಕಿ ಚಕ್ರವನ್ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಒಳಗೆ ಕೂತವರು ಬ್ರೇಕ್ ಒತ್ತಿ ಹಿಡಿದಿದ್ದರೂ ಪ್ಲೇ (ಸಡಿಲ) ಹೋಗಲಿಲ್ಲ, ಅಂದ್ರೆ ಬೇರಿಂಗ್ ಅಲ್ಲ, ಜಾಯಿಂಟೇ. ಬಾಲ್ ಜಾಯಿಂಟ್, ಕಂಚಿನ ಟ್ರನಿಯನ್, ನೈಲಾನ್ ಬುಷ್ ಎಲ್ಲಾ ಹೊಸದು ಹಾಕಿದೆ. ಆ ಎರಡು ಕೀಲುಗಳ ನಡುವೆ ನಿಂತು ಚಕ್ರ ಹೊರೋ ವರ್ಟಿಕಲ್ ಲಿಂಕ್ ಮಾತ್ರ ಹಳೇದೇ ಉಳಿಸಿಕೊಂಡೆ. ಉಕ್ಕಿನ ದಪ್ಪ ತುಂಡು, ಅದಕ್ಕೇನು ಧಾಡಿ ಅಂತ! ವೈರ್ ಬ್ರಷ್ ಹಾಕಿ ಉಜ್ಜಿದಾಗ ಅದರ ಸ್ಕ್ರೂ ಥ್ರೆಡ್ ಮುಗಿಯೋ ಜಾಗದಲ್ಲಿ, ಸೀಲ್ ಕೂರೋ ಹತ್ತಿರ, ತುಕ್ಕು ತಿಂದ ಸಣ್ಣ ಗೆರೆ ಇತ್ತು. ಉಗುರು ಆಡಿಸಿದರೆ ತಗಲ್ತಿತ್ತು. ಕಂಡೂ ಬಿಟ್ಟೆ.

ಒಂದು ದಿನ ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತಗೋತಿದ್ದೆ. ಲಿಂಕ್ ಸರಿಯಾಗಿ ಆ ಗೆರೆಯಲ್ಲೇ ಕಟ್ ಆಗಿ, ಚಕ್ರ ಮಡಚಿಕೊಂಡು ಬಾನೆಟ್ ಅಡಿಗೆ ಸೇರಿತು. ನಡೆಯೋ ವೇಗದಲ್ಲಿ ಆಗಿದ್ದಕ್ಕೆ ಬರೀ ತಗಡು ಹೋಯ್ತು. ಹೈವೇಯಲ್ಲಿ ಆಗಿದ್ದರೆ ಈ ಉತ್ತರ ಬರೆಯೋಕೆ ನಾನಿರ್ತಿರಲಿಲ್ಲ.

ಯಾಕೆ ಹಾಗಾಯ್ತು ಅಂದ್ರೆ: ಲಿಂಕ್‌ನ ಕೆಳತುದಿ ಒಂದು ದಪ್ಪ ಸ್ಕ್ರೂ, ಟ್ರನಿಯನ್ ಅದರ ನಟ್ಟು. ಸ್ಟೀರಿಂಗ್ ತಿರುಗಿಸಿದಾಗೆಲ್ಲ ಇದು ಅದರೊಳಗೆ ತಿರುಗುತ್ತೆ. ಕೆಳಗಿನಿಂದ ತುಂಬಿದ ಎಣ್ಣೆ ಥ್ರೆಡ್ ಉದ್ದಕ್ಕೂ ಮೇಲೇರಬೇಕು. ಗ್ರೀಸ್ ಏರಲ್ಲ, ಕೆಳಗೇ ಗಟ್ಟಿಯಾಗಿ ದಾರಿ ಮುಚ್ಚುತ್ತೆ. ಮೇಲ್ಭಾಗ ಒಣಗಿ, ನೀರು ಇಳಿದು, ತುಕ್ಕು ಹಿಡಿದು ಬಿಗಿಯುತ್ತೆ. ಆಮೇಲೆ ಪ್ರತಿ ತಿರುವಿನ ತಿರುಚು ಬೀಳೋದು ಆ ತುಕ್ಕಿನ ಗೆರೆ ಮೇಲೇ. ಅಲ್ಲಿಗೆ ಬೇಕಾದದ್ದು 90 ನಂಬರಿನ ಗೇರ್ ಆಯಿಲ್. ನಿಪ್ಪಲ್ (ಗ್ರೀಸ್ ತುಂಬೋ ಮೂತಿ) ಕಂಡಲ್ಲೆಲ್ಲ ಗ್ರೀಸ್ ಹೊಡೆಯೋ ಮೆಕ್ಯಾನಿಕ್‌ನ ಇದರ ಹತ್ತಿರ ಬಿಡಬೇಡಿ.

ಹಾಗಾಗಿ ಗ್ರೀಸ್ ತಿಂದ ಲಿಂಕನ್ನ ನಾನಂತೂ ನಂಬಲ್ಲ, ನೋಡೋಕೆ ಎಷ್ಟೇ ಚೆನ್ನಾಗಿರಲಿ. ಲಿಂಕ್, ಟ್ರನಿಯನ್ ಜೋಡಿಯಾಗೇ ಹಾಕಿ, ಎರಡೂ ಕಡೆ. ಎಡಗಡೆದು ಬಲಗಡೆಗೆ ಹೊಂದಲ್ಲ, ಥ್ರೆಡ್ ಉಲ್ಟಾ. ಟ್ರನಿಯನ್ ಕೊನೇವರೆಗೆ ತಿರುಗಿಸಿ ಸ್ವಲ್ಪ ಹಿಂದಕ್ಕೆ ಬಿಡಿ, ಇಲ್ಲದಿದ್ರೆ ಸ್ಟೀರಿಂಗ್ ಪೂರ್ತಿ ತಿರುಗುವಷ್ಟರಲ್ಲಿ ತಳಕ್ಕೆ ಕಚ್ಚಿಕೊಳ್ಳುತ್ತೆ. ಗ್ರೀಸ್ ಗನ್‌ಗೇ ಗೇರ್ ಆಯಿಲ್ ತುಂಬಿ, ಮೇಲಿನ ಸೀಲ್ ಹತ್ತಿರ ಜಿನುಗೋವರೆಗೆ ಹೊಡೀರಿ. ಕೊನೆಗೆ ಅಲೈನ್‌ಮೆಂಟ್.

ನೀವು ಕೇಳಿದ ಬಾಲ್ ಜಾಯಿಂಟಾ? ಹೇಗೂ ಬಿಚ್ಚಿರ್ತೀರಲ್ಲ, ಅದನ್ನೂ ಹಾಕಿಬಿಡಿ.