ಚಿತ್ರದುರ್ಗದ ಕಾಲು ಕತ್ತರಿಸಬೇಡಿ

ಮೊಬೈಲ್ ಆ್ಯಪ್‌ಗಳ ಪರದೆ ಹೇಗಿರಬೇಕು? ಓದುಗರ ಪ್ರಶ್ನೆಗಳಿಗೆ ದಾವಣಗೆರೆಯ ಆ್ಯಪ್ ವಿನ್ಯಾಸಕರೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಹೋದ ಸಲವೂ ಅದೇ ಇತ್ತು. ಒಂದು ಸಲ ಪೂರ್ತಿ ಬರೆದುಬಿಡ್ತೀನಿ. ಮತ್ತೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮದು ಹೊಳಲ್ಕೆರೆ ಕಡೆ ಅಡಿಕೆ ಬೆಳೆಗಾರರ ಸಣ್ಣ ಸಂಘ. ದಿನದ ಧಾರಣೆ ನೋಡಲು ಆ್ಯಪ್ ಮಾಡಿಸಿದ್ದೇವೆ. ಇಂಗ್ಲಿಷ್‌ನಲ್ಲಿ ಚೆನ್ನಾಗಿ ಕಾಣುತ್ತೆ. ಕನ್ನಡಕ್ಕೆ ಬದಲಾಯಿಸಿದರೆ ಒತ್ತಕ್ಷರಗಳ ಕೆಳಭಾಗವೇ ಮಾಯ. ಮಾಡಿಕೊಟ್ಟವರು 'ಕನ್ನಡ ಫಾಂಟೇ ಹಾಗೆ' ಅಂತಾರೆ. ಇನ್ನೊಬ್ಬರು ಎಂಟು ಸಾವಿರ ಕೊಟ್ಟರೆ ಬೇರೆ ಫಾಂಟ್ ಹಾಕಿಕೊಡ್ತೀನಿ ಅಂತಿದ್ದಾರೆ. ಕೊಡಬಹುದಾ?

ಕೊಡಬೇಡಿ. ಫಾಂಟ್ ಸರಿಯಾಗೇ ಇದೆ. ಅದನ್ನು ಕೂರಿಸಿದ ಜಾಗ ಚಿಕ್ಕದಾಗಿದೆ.

ಇಂಗ್ಲಿಷ್ ಅಕ್ಷರಗಳು ಗೆರೆಯ ಮೇಲೆ ಸಾಲಾಗಿ ಕೂರುತ್ತವೆ. ಜಿ, ವೈ ತರಹದ ನಾಲ್ಕೈದು ಮಾತ್ರ ಬಾಲ ಇಳಿಬಿಡುತ್ತವೆ. ನಮ್ಮ ಅಕ್ಷರಗಳಿಗೆ ನೆಲಮಾಳಿಗೆ ಇದೆ. ಅಡಿಕೆಯ ಒಂದು ಬಗೆಯಾದ 'ಬೆಟ್ಟೆ' ಬರೆದರೆ ಒಂದು ಟ ಕೆಳಗಿಳಿಯುತ್ತದೆ. 'ರಾಷ್ಟ್ರ' ಬರೆದರೆ ಷ ಕಾರದ ಅಡಿಯಲ್ಲಿ ಇಬ್ಬರು ಬಾಡಿಗೆದಾರರು. ಇಂಗ್ಲಿಷ್ ನೋಡಿಕೊಂಡು ಸಾಲಿಗೆ ಇಷ್ಟೇ ಎತ್ತರ ಎಂದು ಕಟ್ಟಿಹಾಕಿ, ಹೊರಗೆ ಬಂದಿದ್ದನ್ನು ಮುಚ್ಚು ಎಂದು ಕೋಡ್ ಬರೆದರೆ ನೆಲಮಾಳಿಗೆಗೆ ಮಣ್ಣು ಮುಚ್ಚಿದ ಹಾಗೆ. ನಿಮ್ಮ ಆ್ಯಪ್‌ನಲ್ಲಿ 'ಬೆಟ್ಟೆ' ಹೋಗಿ 'ಬೆಟೆ' ಆಗಿರುತ್ತೆ, ಹೊಳಲ್ಕೆರೆಗೆ ಕ ಒತ್ತು ಇರಲ್ಲ. ಹೌದಲ್ವಾ?

ಈ ತಪ್ಪು ನಾನೂ ಮಾಡಿದ್ದೇನೆ. ಕೆಲವು ವರ್ಷಗಳ ಹಿಂದೆ ಊರಿನ ಹೆಸರು ಆರಿಸುವ ಒಂದು ಪರದೆ ಮಾಡಿದೆ. ಮನೆಯಲ್ಲಿ ಕೂತು 'ದಾವಣಗೆರೆ' ಅಂತ ಹಾಕಿ ನೋಡಿದೆ. ಅಚ್ಚುಕಟ್ಟಾಗಿ ಬಂತು. ಬರದೆ ಏನು? ನಮ್ಮೂರ ಹೆಸರಲ್ಲಿ ಒಂದೂ ಒತ್ತಿಲ್ಲ. ತೋರಿಸಲು ಚಿತ್ರದುರ್ಗಕ್ಕೆ ಹೋದೆ. ಅಲ್ಲಿ ಒಬ್ಬ ಹಿರಿಯರು ಕನ್ನಡಕ ಹಣೆಗೇರಿಸಿ, ಫೋನನ್ನು ಕಣ್ಣ ಹತ್ತಿರ ತಂದು ನೋಡಿದರು. "ಏನ್ರೀ ಇದು, ನಮ್ಮೂರ ಕಾಲೇ ಕಡ್ದಿದೀರಲ್ಲ" ಅಂದರು. ಪರದೆಯ ಮೇಲೆ 'ಚಿತದುರ್ಗ' ಅಂತ ಇತ್ತು. ತ್ರ ಕಾರದ ರ ಒತ್ತು ಹಾರಿಹೋಗಿತ್ತು. ಅರ್ಕಾವತ್ತು ಪಕ್ಕದಲ್ಲಿ ಕೂರುವುದರಿಂದ ದುರ್ಗ ಮಾತ್ರ ಬಚಾವಾಗಿತ್ತು. ಅವತ್ತಿನಿಂದ ನಾನು ಮೊದಲು ಹಾಕಿ ನೋಡುವ ಹೆಸರುಗಳು ಚಳ್ಳಕೆರೆ, ಹೊನ್ನಾಳಿ, ನ್ಯಾಮತಿ, ಮೊಳಕಾಲ್ಮೂರು. ಕೊನೆಗೆ ರಾಷ್ಟ್ರ, ಸ್ತ್ರೀ.

ನಿಮ್ಮ ಡೆವಲಪರ್‌ಗೆ ಇಷ್ಟು ಹೇಳಿ. ಬಟನ್ನಿಗಾಗಲಿ ಪಟ್ಟಿಯ ಸಾಲಿಗಾಗಲಿ ಎತ್ತರ ಕಟ್ಟಬೇಡಿ, ಒಳಗಿನ ಬರಹ ಬೆಳೆದಷ್ಟು ಬಾಕ್ಸ್ ಬೆಳೆಯಲಿ. ಲೈನ್ ಹೈಟ್, ಅಂದರೆ ಒಂದು ಸಾಲಿಗೆ ಕೊಡುವ ಎತ್ತರ, ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆ ಬೇಡ. ನಾನು 1.6 ಇಡುತ್ತೇನೆ. ಇದು ನನ್ನ ಖಯಾಲಿ ಅಲ್ಲ. 2018ರಲ್ಲಿ ಬಂದ ಡಬ್ಲ್ಯೂಸಿಎಜಿ 2.1 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲೇ ಇದೆ, ಓದುವವರು ಸಾಲಿನ ಅಂತರವನ್ನು 1.5 ಪಟ್ಟು ಮಾಡಿಕೊಂಡರೂ ಬರಹ ಕತ್ತರಿಸಿಹೋಗಬಾರದು ಅಂತ. ಇಟಾಲಿಕ್ ಹಾಕಿದ್ದರೆ ತೆಗೆಸಿ. ಕನ್ನಡದಲ್ಲಿ ಇಟಾಲಿಕ್ ಎಂಬ ಪದ್ಧತಿಯೇ ಇಲ್ಲ, ಯಂತ್ರ ಸುಮ್ನೆ ಅಕ್ಷರವನ್ನು ವಾಲಿಸುತ್ತೆ ಅಷ್ಟೇ.

ಇನ್ನೊಂದು ವಿಷಯ ಇಲ್ಲೇ ಹೇಳ್ತೀನಿ. ಉದ್ದದ ಹೆಸರನ್ನು ಮೊಟಕು ಮಾಡಿ ಮೂರು ಚುಕ್ಕಿ ಹಾಕುವ ಚಟ ಕೆಲವರಿಗಿದೆ. ನಮ್ಮ ಕಣ್ಣಿಗೆ 'ಚಿತ್ರದುರ್ಗ' ನಾಲ್ಕು ಅಕ್ಷರ. ಕಂಪ್ಯೂಟರ್ ಒಳಗೆ ಅದು 10 ಸಂಕೇತ. ವ್ಯಂಜನ ಬೇರೆ, ಸ್ವರಚಿಹ್ನೆ ಬೇರೆ, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ) ಬೇರೆ ಲೆಕ್ಕ. ಮೊದಲ 4 ತೋರಿಸು ಅಂದರೆ 'ಚಿತ್' ಅಂತ ನಿಲ್ಲುತ್ತದೆ. ಊರೂ ಇಲ್ಲ, ದುರ್ಗವೂ ಇಲ್ಲ. ಮೊಟಕು ಮಾಡಬೇಡಿ, ಎರಡನೇ ಸಾಲಿಗೆ ಹೋಗಲಿ ಬಿಡಿ.

ಈಗ ಎಂಟು ಸಾವಿರದ ಮಹಾಶಯರ ವಿಷಯ. ಇಂಥವರು ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ಒಂದು, ಡಿಟಿಪಿ ಕಾಲದ ಹಳೆಯ ಆಸ್ಕಿ ಫಾಂಟ್ ಹಾಕುವುದು. ಕಣ್ಣಿಗೆ ಕನ್ನಡ ಕಾಣುತ್ತೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹುಡುಕಿದರೆ ಸಿಗಲ್ಲ. ವಾಟ್ಸಾಪ್‌ಗೆ ಕಾಪಿ ಮಾಡಿದರೆ ಗೀಚಿದ ಹಾಗೆ ಬರುತ್ತೆ. ಕಣ್ಣು ಕಾಣದವರಿಗೆ ಫೋನ್ ಓದಿ ಹೇಳಲು ಹೋದರೆ ಏನೇನೋ ಒದರುತ್ತೆ. ಆ ಫಾಂಟುಗಳು ತಮ್ಮ ಕಾಲದಲ್ಲಿ ದೊಡ್ಡ ಕೆಲಸ ಮಾಡಿವೆ, ನಾನೂ ಅದರಲ್ಲೇ ಮದುವೆ ಪತ್ರಿಕೆ ಟೈಪ್ ಮಾಡಿದವನು. ಆದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಕನ್ನಡ ಸೇರಿದ್ದು 1991ರಲ್ಲಿ, ಈಗ ಆ ಹಳೆಯದರ ಹಂಗು ಬೇಡ. ಎರಡನೇ ಕೆಲಸ, ಧಾರಣೆ ಪಟ್ಟಿಯನ್ನೇ ಫೋಟೋ ಮಾಡಿ ಅಂಟಿಸುವುದು. ಆಗ ಒತ್ತಕ್ಷರ ಉಳಿಯುತ್ತೆ, ನಿಜ. ಫೋನ್ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡ ಅಜ್ಜನಿಗೆ ಮಾತ್ರ ಇರುವೆ ಸಾಲೇ ಗತಿ. ಆಂಡ್ರಾಯ್ಡ್ ಜೊತೆ ಬರುವ ನೋಟೋ ಸ್ಯಾನ್ಸ್ ಕನ್ನಡ ಪುಕ್ಕಟೆ, ಚೆನ್ನಾಗೂ ಇದೆ. ಆ ದುಡ್ಡು ಸಂಘದಲ್ಲೇ ಇರಲಿ.

ಪ್ರಶ್ನೆ: ಆ್ಯಪ್‌ನ ಮುಖ್ಯ ಬಟನ್ ಈಶಾನ್ಯ ಮೂಲೆಯಲ್ಲಿದ್ದರೆ ಒಳ್ಳೆಯದು ಅಂತ ಒಬ್ಬರು ಹೇಳಿದರು. ನಿಜವಾ?

ಫೋನ್ ಹಿಡಿದವರು ಆ ಕಡೆ ತಿರುಗಿ ಕೂತರೆ ಈಶಾನ್ಯ ಎಲ್ಲಿ ಹೋಗುತ್ತೆ ಅಂತ ಅವರನ್ನೇ ಕೇಳಿ. ಬಟನ್ ಹೆಬ್ಬೆರಳಿಗೆ ಸಿಗುವಂತೆ ಕೆಳಗಿರಲಿ.

ಪ್ರಶ್ನೆ: ಎಲ್ಲವೂ ಮೂರು ಕ್ಲಿಕ್ಕಿನೊಳಗೆ ಸಿಗಬೇಕು ಎಂಬ ನಿಯಮ ಇದೆಯಂತೆ?

ಇಲ್ಲ. ಪ್ರತಿ ಹೆಜ್ಜೆಗೂ ದಾರಿ ಸರಿಯಿದೆ ಅನ್ನಿಸಿದರೆ ಜನ ಐದು ಸಲ ಒತ್ತುತ್ತಾರೆ.

ಪ್ರಶ್ನೆ: ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿದರೆ ಬಿಲ್ ದುಪ್ಪಟ್ಟು ಬರುತ್ತೆ. ಕಂಪನಿಯವರ ಮೋಸವಾ?

ಮೋಸ ಅಲ್ಲ. ಇಂಗ್ಲಿಷ್‌ನಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಸುತ್ತೆ, ಕನ್ನಡದಲ್ಲಿ 70 ಸಂಕೇತ. ಅದರಲ್ಲಿ ಚಿತ್ರದುರ್ಗ ಒಂದೇ 10 ತಿನ್ನುತ್ತೆ ಅಂತ ಮೇಲೆ ಹೇಳಿದೆನಲ್ಲ. 'ಮಾನ್ಯ ಸದಸ್ಯರಲ್ಲಿ ವಿನಂತಿಸುವುದೇನೆಂದರೆ' ಅನ್ನುವುದನ್ನು ಬಿಡಿ. ನೇರ ಧಾರಣೆ ಹೇಳಿ.

ಪ್ರಶ್ನೆ: ಬಟನ್ ಎಷ್ಟು ದೊಡ್ಡದಿರಬೇಕು?

ಆಂಡ್ರಾಯ್ಡ್‌ನವರು ಹೇಳುವುದು 48 ಡಿಪಿ (ಪರದೆಯ ಅಳತೆಯ ಮಾನ), ಅಂದರೆ ಸುಮಾರು 9 ಮಿಲಿಮೀಟರ್. ಅಡಿಕೆ ಸುಲಿದು ಸುಲಿದು ಬೆರಳು ದಪ್ಪಗಾದವರು ಬಳಸುತ್ತಾರೆ ಅಂದರೆ ನಾನು ಇನ್ನೂ ಸ್ವಲ್ಪ ಜಾಸ್ತಿ ಕೊಡ್ತೀನಿ.

ಪ್ರಶ್ನೆ: ತೆಳು ಬೂದು ಅಕ್ಷರ ಈಗ ಫ್ಯಾಷನ್ ಅಂತ ಮಗಳು ಹಾಕಿದ್ದಾಳೆ. ಇರಲಾ?

ಅಕ್ಷರಕ್ಕೂ ಹಿನ್ನೆಲೆಗೂ 4.5ಕ್ಕೆ 1ರಷ್ಟಾದರೂ ಹೊಳಪಿನ ವ್ಯತ್ಯಾಸ ಬೇಕು. ಅಳೆಯುವ ತಂತ್ರಾಂಶ ಪುಕ್ಕಟೆ ಸಿಗುತ್ತೆ. ಅದೂ ಬೇಡ ಅಂದರೆ ಮಗಳನ್ನು ಕರ್ಕೊಂಡು ಮಧ್ಯಾಹ್ನ 12ಕ್ಕೆ ಎಪಿಎಂಸಿ ಅಂಗಳಕ್ಕೆ ಹೋಗಿ. ಬಿಸಿಲಲ್ಲಿ ನಿಂತು ಇವತ್ತಿನ ರಾಶಿ ಅಡಿಕೆ ರೇಟು ಓದಮ್ಮಾ ಅನ್ನಿ. ಸಂಜೆಯೊಳಗೆ ಅಕ್ಷರ ಕಪ್ಪಾಗಿರುತ್ತೆ.