ನೀವು ಕೇಳಿದ್ರಿ: ಬಲ್ಬು ಸಾಯ್ತು, ಡಬ್ಬ ಬದುಕಿದೆ

ಪ್ರಶ್ನೆ: ಸಾರ್, ಎಲ್‌ಇಡಿ ಬಲ್ಬಿನ ಡಬ್ಬದ ಮೇಲೆ 25,000 ಗಂಟೆ ಅಂತ ಹಾಕಿದಾರೆ, ನಮ್ಮನೇದು ಒಂದು ಮಳೆಗಾಲನೂ ಕಳೀಲಿಲ್ಲ. ಇದ್ಯಾವ ಲೆಕ್ಕ? (ನಾಪೋಕ್ಲಿನ ಓದುಗರು)

ಉತ್ತರ: ದಿನಕ್ಕೆ 5 ಗಂಟೆ ಉರಿಸಿದ್ರೆ 13 ವರ್ಷದ ಮೇಲೆ ಬರ್ಬೇಕು, ಡಬ್ಬ ಅಂತೂ ಅಷ್ಟು ಬರತ್ತೆ ಬಿಡಿ. ಒಳಗಿರೋ ಎಲ್‌ಇಡಿ ಬೇಗ ಸಾಯಲ್ಲ ಕಣ್ರೀ, ಸಾಯೋದು ಬುಡದಲ್ಲಿರೋ ಡ್ರೈವರ್, ಅಂದ್ರೆ ಮನೆ ಕರೆಂಟನ್ನ ಎಲ್‌ಇಡಿಗೆ ಹೊಂದೋ ಹಾಗೆ ಮಾಡಿ ಕೊಡೋ ಸರ್ಕ್ಯೂಟು, ಅದ್ರಲ್ಲಿ ಕರೆಂಟು ಕೂಡಿಟ್ಟು ಕೊಡೋ ಕಡ್ಲೆಕಾಯಿ ಬೀಜದಷ್ಟಿರೋ ಕೆಪಾಸಿಟರ್ ಬಿಸಿ ತಿಂದೂ ತಿಂದೂ ಒಳಗೇ ಒಣಗಿ ತಲೆ ಉಬ್ಬಿಸ್ಕೊಂಡು ಕೂತಿರತ್ತೆ, ಸಾಲದ್ದಕ್ಕೆ ನಮ್ಮ ಕೊಡಗಿನ ಜೋರು ಮಳೆ ತಿಂಗಳು ಕಕ್ಕಡದ ಗಾಳಿಗೆ ಸಿಲ್ವರ್ ಮರದ ಕೊಂಬೆ ಲೈನ್ ಮೇಲೆ ಬಿದ್ದು ಕರೆಂಟು ಹೋಗಿ ವಾಪಸ್ ಬರುವಾಗ ಒಂದೇ ಸಲ ಜೋರಾಗಿ ಬಂತೋ, ಮುಗೀತು.

ಹಾಗಂತ ಕಂಪನಿಗಳು ಸಾಚಾ ಅಂದ್ಕೋಬೇಡಿ. 1924ರಲ್ಲೇ ದೊಡ್ಡ ಬಲ್ಬ್ ಕಂಪನಿಗಳೆಲ್ಲ ಜಿನೀವಾದಲ್ಲಿ ಕೂತು ಫೀಬಸ್ ಅಂತ ಕೂಟ ಕಟ್ಕೊಂಡು, ಬಲ್ಬಿನ ಆಯಸ್ಸು 1,000 ಗಂಟೆಗೆ ಇಳಿಸಿದ್ರು, ಜಾಸ್ತಿ ಉರಿದ್ರೆ ಮಾಡಿದವನಿಗೇ ದಂಡ! ಚೆನ್ನಾಗಿ ಕೆಲ್ಸ ಮಾಡಿದ್ದಕ್ಕೆ ದಂಡ ಹಾಕೋದು ನಮ್ಮ ಆಫೀಸುಗಳಲ್ಲಿ ಮಾತ್ರ ಅಂದ್ಕೊಂಡಿದ್ದೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಫೈರ್ ಸ್ಟೇಷನ್ನಲ್ಲಿ 1901ರ ಬಲ್ಬೊಂದು ಇನ್ನೂ ಮಿಣುಕ್ತಾ ಇದೆ, ಅದ್ರ ಬೆಳಕಲ್ಲಿ ಕಾಫಿ ಬೀಜದ ಕಲ್ಲು ಹೆಕ್ಕೋಕಾಗಲ್ಲ ಅಷ್ಟೆ.

ಬಿಲ್ಲಿಗೆ ಬೂಷ್ಟು ಹಿಡಿದಿಲ್ಲ ಅಂದ್ರೆ ಅಂಗಡೀಲಿ ವಾರಂಟಿ ಕೇಳಿ. ಹೊಸದನ್ನ ಮುಚ್ಚಿದ ಗಾಜಿನ ಬುರುಡೆಯೊಳಗೆ ಹಾಕ್ಬೇಡಿ, ಬೆಂದು ಹೋಗತ್ತೆ.